ಭಾರದ ಜಿಫ್ ಹಗುರ ಮಾಡುವುದು ಹೇಗೆ? ಕಮಾಂಡ್ ಲೈನ್‌ನಲ್ಲಿ ಜಿಫ್, ವೆಬ್‌ಪಿ, ಎಂಪಿ4 ಬದಲಾವಣೆ

ಮಳೆಗಾಲ ಶುರುವಾದರೆ ಸಾಕು, ಒಂದೇ ಪ್ರಶ್ನೆ ಸಾಗರದಿಂದಲೂ ತೀರ್ಥಹಳ್ಳಿಯಿಂದಲೂ ಬರುತ್ತದೆ. ‘ಜೋಗದ ಜಿಫ್ ಮಾಡಿದ್ದೇನೆ, ಫೈಲ್ ದೊಡ್ಡದಾಗಿದೆ, ಕಳಿಸಿದರೆ ಹೋಗುವುದೇ ಇಲ್ಲ, ಏನು ಮಾಡಲಿ?’ ಹೋಮ್‌ಸ್ಟೇ ನಡೆಸುವವರು ಕೇಳುತ್ತಾರೆ. ಪಾಠಕ್ಕೆ ಚಿತ್ರ ಮಾಡಿಕೊಳ್ಳುವ ಶಿಕ್ಷಕರು ಕೇಳುತ್ತಾರೆ. ಹಬ್ಬಕ್ಕೆ ಶುಭಾಶಯದ ಚಿತ್ರ ಮಾಡುವ ಹುಡುಗರೂ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಪೂರ್ತಿ ಇಲ್ಲಿ ಬರೆದಿದ್ದೇನೆ. ಜಿಫ್ ಅಂದರೆ ಸುತ್ತುತ್ತಾ ಆಡುವ ಚಿಕ್ಕ ಚಲಿಸುವ ಚಿತ್ರ. ವೆಬ್‌ಪಿ, ಎಂಪಿ4 ಎಂದರೆ ಅದೇ ಚಲನೆಯನ್ನು ಇಡಬಲ್ಲ ಬೇರೆ ಫೈಲ್ ರೂಪಗಳು.

ಇಂಟರ್‌ನೆಟ್‌ನಲ್ಲಿ ಈ ಕೆಲಸ ಮಾಡಿಕೊಡುವ ಸೈಟ್‌ಗಳು ಬೇಕಾದಷ್ಟಿವೆ. ಆದರೆ ಅಲ್ಲಿ ದೊಡ್ಡ ಫೈಲನ್ನು ಮೊದಲು ಮೇಲೆ ಹಾಕಬೇಕು, ಆಮೇಲೆ ಮತ್ತೆ ಇಳಿಸಿಕೊಳ್ಳಬೇಕು. ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಊರಿನಲ್ಲಿ ಅದು ಆಗುವ ಮಾತಲ್ಲ, ಅಲ್ವಾ? ಇಲ್ಲಿ ಹೇಳುವ ಉಪಕರಣಗಳನ್ನು ಒಮ್ಮೆ ಹಾಕಿಕೊಂಡರೆ ಸಾಕು. ಆಮೇಲೆ ನೆಟ್ ಇಲ್ಲದೆಯೂ ನಿಮ್ಮ ಕಂಪ್ಯೂಟರಿನಲ್ಲೇ ಎಲ್ಲ ಕೆಲಸ ಆಗುತ್ತದೆ. ಫೈಲ್ ಬೇರೆಯವರ ಕೈಗೂ ಹೋಗುವುದಿಲ್ಲ.

ಆದೇಶಗಳನ್ನು ಓದುವ ಕ್ರಮ

ಕಮಾಂಡ್ ಲೈನ್ ಅಂದರೆ ಮೌಸ್‌ನಿಂದ ಒತ್ತುವ ಬದಲು ಆದೇಶವನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಪ್ಪು ಕಿಟಕಿ. ಕೆಳಗಿನ ಆದೇಶಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ, ಒಂದೊಂದೇ ಇಂಗ್ಲಿಷ್ ಅಕ್ಷರದ ಹೆಸರು ಹೇಳಿ ಬರೆದಿದ್ದೇನೆ. ‘ಜಿಐಎಫ್’ ಎಂದಿದ್ದರೆ ನೀವು ಆ ಮೂರು ಇಂಗ್ಲಿಷ್ ಅಕ್ಷರ ಒತ್ತಬೇಕು. ಎಲ್ಲವೂ ಸಣ್ಣ ಅಕ್ಷರ. ಅಂಕಿ, ಚುಕ್ಕೆ, ಅಡ್ಡಗೆರೆ, ಉದ್ಧರಣ ಚಿಹ್ನೆ ಇದ್ದ ಹಾಗೆಯೇ ಹಾಕಿ. ನಡುವೆ ಜಾಗ ಇರುವಲ್ಲಿ ಮಾತ್ರ ಜಾಗ ಬಿಡಿ. ‘ಒ’ ಎಂದರೆ ಅಕ್ಷರ, ‘0’ ಎಂದರೆ ಸೊನ್ನೆ. ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರೇ ಜಾಸ್ತಿ.

ಕೈಯಲ್ಲೇ ಟೈಪ್ ಮಾಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ವರ್ಡ್‌ನಿಂದಲೋ ವಾಟ್ಸಾಪ್‌ನಿಂದಲೋ ನಕಲು ಮಾಡಿ ಅಂಟಿಸಿದರೆ ಸಣ್ಣ ಅಡ್ಡಗೆರೆ ಉದ್ದದ ಗೆರೆಯಾಗಿ ಬದಲಾಗಿರುತ್ತದೆ. ನೇರ ಉದ್ಧರಣ ಚಿಹ್ನೆ ಬಾಗಿರುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಆದೇಶ ಕೆಲಸ ಮಾಡುವುದಿಲ್ಲ.

1. ಬೇಕಾದ್ದನ್ನು ಹಾಕಿಕೊಳ್ಳಿ

ಮೂರು ಉಪಕರಣ ಬೇಕು (ಕಪ್ಪು ಕಿಟಕಿ ತೆರೆಯುವುದು ಹೇಗೆಂದು 2ನೇ ಹಂತದಲ್ಲಿದೆ). ಮೂರೂ ಉಚಿತ. ಮೊದಲನೆಯದು ಎಫ್‌ಎಫ್‌ಎಂಪೆಗ್. 2000ದಲ್ಲಿ ಫಬ್ರೀಸ್ ಬೆಲಾರ್ ಶುರು ಮಾಡಿದ್ದು, ವಿಡಿಯೋ ಕೆಲಸಕ್ಕೆಲ್ಲ ಇದೇ ಆಧಾರ. ಎರಡನೆಯದು ಗೂಗಲ್‌ನವರ ವೆಬ್‌ಪಿ ಉಪಕರಣಗಳ ಕಟ್ಟು. ಮೂರನೆಯದು ಚಿತ್ರಗಳ ರೂಪ ಬದಲಾಯಿಸುವ ಇಮೇಜ್‌ಮ್ಯಾಜಿಕ್.

ಉಬುಂಟು ಇದ್ದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ:

ಎಸ್‌ಯುಡಿಒ ಎಪಿಟಿ ಐಎನ್‌ಎಸ್‌ಟಿಎಎಲ್‌ಎಲ್ ಎಫ್‌ಎಫ್‌ಎಂಪಿಇಜಿ ಡಬ್ಲ್ಯುಇಬಿಪಿ ಐಎಂಎಜಿಇಎಂಎಜಿಐಸಿಕೆ

ವಿಂಡೋಸ್‌ನಲ್ಲಿ ಎಫ್‌ಎಫ್‌ಎಂಪೆಗ್‌ಗೆ ಹೀಗೆ:

ಡಬ್ಲ್ಯುಐಎನ್‌ಜಿಇಟಿ ಐಎನ್‌ಎಸ್‌ಟಿಎಎಲ್‌ಎಲ್ ಜಿವೈಎಎನ್.ಎಫ್‌ಎಫ್‌ಎಂಪಿಇಜಿ

ಹಾಕಿಕೊಂಡ ಮೇಲೆ ಆ ಕಪ್ಪು ಕಿಟಕಿ ಮುಚ್ಚಿ, ಹೊಸದಾಗಿ ತೆರೆಯಿರಿ. ಇಲ್ಲದಿದ್ದರೆ ‘ಅಂಥ ಆದೇಶವೇ ಇಲ್ಲ’ ಎನ್ನುತ್ತದೆ. ವೆಬ್‌ಪಿ ಉಪಕರಣಗಳು ಗೂಗಲ್‌ನ ವೆಬ್‌ಪಿ ಪುಟದಲ್ಲಿ ಜಿಪ್ ಫೈಲಾಗಿ ಸಿಗುತ್ತವೆ. ಬಿಚ್ಚಿ, ಒಳಗಿನ ‘ಜಿಐಎಫ್2ಡಬ್ಲ್ಯುಇಬಿಪಿ’ ಎಂಬುದನ್ನು ನಿಮ್ಮ ಚಿತ್ರಗಳಿರುವ ಫೋಲ್ಡರಿಗೇ ಹಾಕಿಕೊಂಡರೆ ತಲೆನೋವು ಇಲ್ಲ. ಇಮೇಜ್‌ಮ್ಯಾಜಿಕ್ ಅದರದೇ ಸೈಟಿನಲ್ಲಿದೆ. ಇವೆಲ್ಲ ಇಳಿಸಿಕೊಳ್ಳಲು ಡೇಟಾ ಬೇಕು. ಶಿವಮೊಗ್ಗಕ್ಕೋ ಸಾಗರಕ್ಕೋ ಹೋದಾಗ, ಒಳ್ಳೆ ವೈಫೈ ಇರುವಲ್ಲಿ ಕೂತು ಮುಗಿಸಿಕೊಂಡು ಬನ್ನಿ.

2. ಫೋಲ್ಡರ್ ಸಿದ್ಧ ಮಾಡಿ

ಹೊಸ ಫೋಲ್ಡರಿನಲ್ಲಿ ಚಿತ್ರದ ಒಂದು ಪ್ರತಿ ಇಡಿ. ಹೆಸರು ಸುಮ್ನೆ ‘1’ ಎಂದಿರಲಿ. ‘ಜೋಗ ಹೊಸದು ಫೈನಲ್’ ಎಂದು ಜಾಗ ಬಿಟ್ಟು ಹೆಸರಿಟ್ಟರೆ ಕಂಪ್ಯೂಟರ್ ಅದನ್ನು ಮೂರು ಬೇರೆ ಫೈಲ್ ಎಂದು ತಿಳಿಯುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರ್ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ ‘ಸಿಎಂಡಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ಅದೇ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತದೆ.

ವಿಂಡೋಸ್ ಫೈಲಿನ ಬಾಲವನ್ನು, ಅಂದರೆ ಚುಕ್ಕೆಯ ನಂತರದ ‘ಜಿಐಎಫ್’ ಭಾಗವನ್ನು, ಬಚ್ಚಿಟ್ಟಿರುತ್ತದೆ. ನೀವು ಮತ್ತೆ ಬಾಲ ಸೇರಿಸಿದರೆ ‘1.ಜಿಐಎಫ್.ಜಿಐಎಫ್’ ಆಗಿಬಿಡುತ್ತದೆ. ‘ಫೈಲೇ ಇಲ್ಲ’ ಎಂಬ ಸಂದೇಶ ಬಂದರೆ ಮೊದಲು ಇದನ್ನೇ ನೋಡಿ. ಬರೀ ಬಾಲ ಬದಲಾಯಿಸಿದರೆ ರೂಪ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ. ಚೀಲದ ಮೇಲಿನ ಚೀಟಿ ಬದಲಾದರೆ ಒಳಗಿನ ಅಡಿಕೆ ಬದಲಾಗುತ್ತದೆಯೇ?

ಈಗ ಫೈಲ್ ಹೇಗಿದೆ ನೋಡಿ:

ಎಫ್‌ಎಫ್‌ಪಿಆರ್‌ಒಬಿಇ 1.ಜಿಐಎಫ್

ತುಂಬಾ ಸಾಲು ಬರುತ್ತದೆ. ಕೊನೆಯ ಎರಡು ಮೂರು ಸಾಲು ಸಾಕು. ಅಲ್ಲಿ ಎಷ್ಟು ಸೆಕೆಂಡ್, ಎಷ್ಟು ಅಗಲ ಎತ್ತರ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಇರುತ್ತದೆ. ಫ್ರೇಮ್ ಅಂದರೆ ಒಂದರ ಹಿಂದೆ ಒಂದು ಬರುವ ಬಿಡಿ ಚಿತ್ರ.

3. ಆದೇಶಕ್ಕೆ ಮೊದಲು ಚಿತ್ರ ನೋಡಿ

ಇದೇ ಈ ಕೆಲಸದ ಜೀವ. ಬಹಳ ಜನ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಯಾವ ರೂಪ ಒಳ್ಳೆಯದು ಎಂದು ಕೇಳುವ ಮೊದಲು, ಚಿತ್ರದಲ್ಲಿ ಏನಿದೆ ಎಂದು ನೋಡಬೇಕು.

ಜಿಫ್ ಹಳೆಯ ರೂಪ. 1987ರಲ್ಲಿ ಕಂಪ್ಯೂಸರ್ವ್ ಕಂಪನಿ ತಂದದ್ದು. ಒಂದು ಫ್ರೇಮಿಗೆ ಹೆಚ್ಚೆಂದರೆ 256 ಬಣ್ಣ. ನಮ್ಮ ಫೋನ್ ಕ್ಯಾಮೆರಾ ಹಿಡಿಯುವುದು 1 ಕೋಟಿ 67 ಲಕ್ಷಕ್ಕೂ ಮೇಲ್ಪಟ್ಟ ಬಣ್ಣಗಳಲ್ಲಿ. ಜಿಫ್ ಫೈಲನ್ನು ಸಣ್ಣದು ಮಾಡುವುದು ಎರಡು ಬಗೆಯಲ್ಲಿ. ಒಂದು, ಒಂದೇ ಬಣ್ಣದ ಓಟ ಮತ್ತೆ ಮತ್ತೆ ಬಂದರೆ ಅದನ್ನು ಚಿಕ್ಕದಾಗಿ ಬರೆದುಕೊಳ್ಳುತ್ತದೆ. ಎರಡು, ಹಿಂದಿನ ಫ್ರೇಮಿಗಿಂತ ಬದಲಾದ ಭಾಗವನ್ನು ಮಾತ್ರ ಇಟ್ಟುಕೊಳ್ಳಲು ಅದರಲ್ಲಿ ಅವಕಾಶವಿದೆ.

ಈಗ ಜೋಗವನ್ನು ನೆನೆಸಿಕೊಳ್ಳಿ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ 253 ಮೀಟರ್ ಕೆಳಗೆ ಬೀಳುತ್ತಿವೆ. ನೀರಿನ ಒಂದು ಚುಕ್ಕಿಯೂ ಮುಂದಿನ ಫ್ರೇಮಿನಲ್ಲಿ ಇದ್ದಲ್ಲಿ ಇರುವುದಿಲ್ಲ. ಒಂದೇ ಬಣ್ಣದ ಓಟವೂ ಇಲ್ಲ. ಮೇಲೆ ಮಂಜು ಬೇರೆ. ಜಿಫ್‌ನ ಎರಡೂ ಉಪಾಯ ಇಲ್ಲಿ ಸೋಲುತ್ತವೆ. ಲೆಕ್ಕ ಹಾಕಿ ನೋಡಿ. 640 ಚುಕ್ಕಿ (ಪಿಕ್ಸೆಲ್) ಅಗಲ, 360 ಎತ್ತರ, ಸೆಕೆಂಡಿಗೆ 10ರಂತೆ 6 ಸೆಕೆಂಡಿಗೆ 60 ಫ್ರೇಮ್. ಒಂದು ಚುಕ್ಕಿಗೆ ಒಂದು ಬೈಟ್ ಎಂದರೂ 1 ಕೋಟಿ 38 ಲಕ್ಷ ಬೈಟ್, ಅಂದರೆ ಸುಮಾರು 13.8 ಎಂಬಿ. ನೀರಿನ ಚಿತ್ರದಲ್ಲಿ ಇದರಿಂದ ಕೆಳಗಿಳಿಯುವುದು ಸ್ವಲ್ಪವೇ. ಅಗಲವನ್ನು 480ಕ್ಕೆ ಇಳಿಸಿದರೆ ಇದೇ ಲೆಕ್ಕ 7.8 ಎಂಬಿಗೆ ಬರುತ್ತದೆ.

ಇನ್ನೊಂದು ಕಡೆ ನಮ್ಮ ಸಾಗರದ ಸೀಮೆಯ ಹಸೆ ಚಿತ್ತಾರ ನೋಡಿ. ದೀವರ ಮನೆಯ ಗೋಡೆಯ ಮೇಲೆ ಕೆಮ್ಮಣ್ಣಿನ ನೆಲ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ನಾಲ್ಕೇ ಬಣ್ಣ, ನೇರ ಗೆರೆ. ಇಂಥ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆದು, ಗೆರೆ ಒಂದೊಂದಾಗಿ ಮೂಡುವ ಹಾಗೆ ಮಾಡಿದರೆ ಜಿಫ್ ಕೂಡ ಹಗುರವಾಗಿಯೇ ಇರುತ್ತದೆ. ಇಲ್ಲಿ ಒಂದು ಚುಕ್ಕಿಯೂ ಕೆಡಬಾರದು. ಗೆರೆಯ ಅಂಚು ಮಸುಕಾದರೆ ಚಿತ್ತಾರದ ಅಂದವೇ ಹೋಗುತ್ತದೆ. ಆದರೆ ಗೋಡೆಯ ಮೇಲಿನ ಚಿತ್ತಾರವನ್ನು ಫೋನಿನಲ್ಲಿ ಹಿಡಿದಿದ್ದರೆ ಅದು ಫೋಟೋ. ಗೋಡೆಯ ನೆರಳು, ಮಣ್ಣಿನ ಏರುತಗ್ಗು ಎಲ್ಲ ಸೇರಿ ಸಾವಿರಾರು ಬಣ್ಣ ಆಗಿರುತ್ತದೆ. ಅದನ್ನು ಜೋಗದ ಲೆಕ್ಕಕ್ಕೇ ಸೇರಿಸಿ.

ಹಾಗಾಗಿ ನೀರು, ಮಳೆ, ಮಂಜು, ಕಾಡು, ಮುಖ ಇದ್ದರೆ ಎಂಪಿ4 ಅಥವಾ ನಷ್ಟದ ವೆಬ್‌ಪಿ. ಗೆರೆ, ಅಕ್ಷರ, ನಕ್ಷೆ, ಚಿತ್ತಾರ ಇದ್ದರೆ ನಷ್ಟವಿಲ್ಲದ ವೆಬ್‌ಪಿ ಅಥವಾ ಎಪಿಎನ್‌ಜಿ. ಎಪಿಎನ್‌ಜಿ ಅಂದರೆ ಚಲಿಸುವ ಪಿಎನ್‌ಜಿ ಚಿತ್ರ. ನಷ್ಟ ಅಂದರೆ ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರವನ್ನು ಬಿಟ್ಟು ಫೈಲ್ ಸಣ್ಣದು ಮಾಡುವುದು.

4. ಜಿಫ್‌ನಿಂದ ವೆಬ್‌ಪಿಗೆ

ವೆಬ್‌ಪಿ ಗೂಗಲ್ 2010ರಲ್ಲಿ ಪ್ರಕಟಿಸಿದ ರೂಪ. ಈಗಿನ ಬ್ರೌಸರ್‌ಗಳೆಲ್ಲ ತೋರಿಸುತ್ತವೆ. ಸಫಾರಿಯಲ್ಲಿ ಮಾತ್ರ 2020ರ 14ನೇ ಆವೃತ್ತಿಯಿಂದ ಈಚೆಗೆ ಬಂತು. ತುಂಬಾ ಹಳೆಯ ಐಫೋನ್ ಇರುವವರಿಗೆ ಕಾಣದೇ ಇರಬಹುದು.

ಚಿತ್ತಾರದಂಥ ಚಿತ್ರಕ್ಕೆ:

ಜಿಐಎಫ್2ಡಬ್ಲ್ಯುಇಬಿಪಿ 1.ಜಿಐಎಫ್ -ಒ 1.ಡಬ್ಲ್ಯುಇಬಿಪಿ

ಏನೂ ಹೇಳದಿದ್ದರೆ ಈ ಉಪಕರಣ ನಷ್ಟವಿಲ್ಲದ ದಾರಿ ಹಿಡಿಯುತ್ತದೆ. ಜೋಗದಂಥ ಚಿತ್ರಕ್ಕೆ:

ಜಿಐಎಫ್2ಡಬ್ಲ್ಯುಇಬಿಪಿ -ಎಲ್‌ಒಎಸ್‌ಎಸ್‌ವೈ -ಕ್ಯೂ 70 -ಎಂ 6 1.ಜಿಐಎಫ್ -ಒ 1.ಡಬ್ಲ್ಯುಇಬಿಪಿ

‘ಕ್ಯೂ’ ಎಂದರೆ ಗುಣಮಟ್ಟ, 0ಯಿಂದ 100ರವರೆಗೆ. 70ರಿಂದ ಶುರು ಮಾಡಿ, ಚೆನ್ನಾಗಿದ್ದರೆ 60, 50 ಎಂದು ಇಳಿಸಿ ನೋಡಿ. ‘ಎಂ’ ಎಂದರೆ ಎಷ್ಟು ಶ್ರಮ ಹಾಕಿ ಸಣ್ಣದು ಮಾಡಬೇಕು ಎಂಬುದು. 6 ಎಂದರೆ ನಿಧಾನ, ಆದರೆ ಫೈಲ್ ಚಿಕ್ಕದು. ಫೋಟೋ ಮೇಲೆ ಅಕ್ಷರ ಇರುವಂಥ ಬೆರಕೆ ಚಿತ್ರವಾದರೆ ‘ಎಲ್‌ಒಎಸ್‌ಎಸ್‌ವೈ’ ಜಾಗದಲ್ಲಿ ‘ಎಂಐಎಕ್ಸ್‌ಇಡಿ’ ಹಾಕಿ. ಪ್ರತಿ ಫ್ರೇಮಿಗೂ ಯಾವುದು ಲೇಸೆಂದು ಅದೇ ಆರಿಸಿಕೊಳ್ಳುತ್ತದೆ.

ಎಚ್ಚರಿಕೆ: ಈ ಉಪಕರಣ ಅದೇ ಹೆಸರಿನ ಹಳೆಯ ಫೈಲ್ ಇದ್ದರೆ ಕೇಳದೇ ಅದರ ಮೇಲೇ ಬರೆಯುತ್ತದೆ. ಗುಣಮಟ್ಟ ಬದಲಾಯಿಸಿ ಹೋಲಿಸಿ ನೋಡುವುದಾದರೆ 2, 3 ಎಂದು ಬೇರೆ ಹೆಸರು ಕೊಡಿ.

ವಿಂಡೋಸ್‌ನಲ್ಲಿ ವೆಬ್‌ಪಿ ಕಟ್ಟು ಹಾಕಿಕೊಳ್ಳಲು ಆಗದಿದ್ದರೆ ಎಫ್‌ಎಫ್‌ಎಂಪೆಗ್ ಕೂಡ ಈ ಕೆಲಸ ಮಾಡುತ್ತದೆ:

ಎಫ್‌ಎಫ್‌ಎಂಪಿಇಜಿ -ಐ 1.ಜಿಐಎಫ್ -ಎಲ್‌ಒಒಪಿ 0 -ಕ್ಯೂಯುಎಎಲ್‌ಐಟಿವೈ 70 1.ಡಬ್ಲ್ಯುಇಬಿಪಿ

‘ಎಲ್‌ಒಒಪಿ 0’ ಮರೆಯಬೇಡಿ. ಅದು ‘ನಿಲ್ಲದೇ ಸುತ್ತುತ್ತಿರು’ ಎಂಬ ಸೂಚನೆ. ಅದಿಲ್ಲದಿದ್ದರೆ ವೆಬ್‌ಪಿ ಒಂದೇ ಸಲ ಆಡಿ ನಿಂತುಬಿಡುತ್ತದೆ. ‘ಚಿತ್ರ ನಿಂತು ಹೋಗುತ್ತದೆ’ ಎಂದು ಬರೆಯುವವರ ತೊಂದರೆ ಬಹುಪಾಲು ಇದೇ.

5. ಜಿಫ್‌ನಿಂದ ಎಂಪಿ4ಗೆ

ಹೋಮ್‌ಸ್ಟೇ ಪುಟಕ್ಕೆ, ವಾಟ್ಸಾಪ್‌ಗೆ ನಾನು ಮೊದಲು ಹೇಳುವುದು ಇದನ್ನೇ. ವಾಟ್ಸಾಪ್‌ನಲ್ಲಿ ನೀವು ಜಿಫ್ ಎಂದು ನೋಡುವುದು ನಿಜವಾಗಿ ಸದ್ದಿಲ್ಲದ ಚಿಕ್ಕ ಎಂಪಿ4 ವಿಡಿಯೋ. ಉಳಿಸಿಕೊಂಡ ಜಿಫ್ ಗ್ಯಾಲರಿಯಲ್ಲಿ ವಿಡಿಯೋ ಆಗಿ ಕಾಣುವುದು ಅದಕ್ಕೇ.

ಎಫ್‌ಎಫ್‌ಎಂಪಿಇಜಿ -ಐ 1.ಜಿಐಎಫ್ -ಎಂಒವಿಎಫ್‌ಎಲ್‌ಎಜಿಎಸ್ +ಎಫ್‌ಎಎಸ್‌ಟಿಎಸ್‌ಟಿಎಆರ್‌ಟಿ -ಪಿಐಎಕ್ಸ್_ಎಫ್‌ಎಂಟಿ ವೈಯುವಿ420ಪಿ -ವಿಎಫ್ "ಎಸ್‌ಸಿಎಎಲ್‌ಇ=480:-2" 1.ಎಂಪಿ4

ಉದ್ದವಾಯಿತು, ಆದರೆ ಇದರಲ್ಲಿ ಒಂದೂ ಸುಮ್ನೆ ಇಲ್ಲ. ‘ಎಫ್‌ಎಎಸ್‌ಟಿಎಸ್‌ಟಿಎಆರ್‌ಟಿ’ ಹಾಕಿದರೆ ಫೈಲಿನ ಮಾಹಿತಿ ಮುಂದಕ್ಕೆ ಬರುತ್ತದೆ. ನೆಟ್ ನಿಧಾನ ಇದ್ದರೂ ಪೂರ್ತಿ ಇಳಿಯುವ ಮೊದಲೇ ವಿಡಿಯೋ ಆಡಲು ಶುರುವಾಗುತ್ತದೆ. ಮಲೆನಾಡಿನ ನೋಡುಗರಿಗೆ ಇದು ದೊಡ್ಡ ಉಪಕಾರ. ‘ವೈಯುವಿ420ಪಿ’ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಆಡಿದ್ದು ಎಷ್ಟೋ ಫೋನಿನಲ್ಲಿ ಆಡುವುದಿಲ್ಲ. ಕೊನೆಯದು ಅಗಲ 480 ಮಾಡಿ, ಎತ್ತರವನ್ನು ಅದಕ್ಕೆ ಹೊಂದುವ ಸಮಸಂಖ್ಯೆಗೆ ತರುತ್ತದೆ. ಈ ಬಗೆಯ ವಿಡಿಯೋಕ್ಕೆ ಅಗಲ ಎತ್ತರ ಎರಡೂ ಸಮಸಂಖ್ಯೆಯೇ ಆಗಿರಬೇಕು. ‘-2’ ಬದಲು ‘-1’ ಹಾಕಿ ಬೆಸ ಸಂಖ್ಯೆ ಬಂದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಎಂಪಿ4ಗೆ ಪಾರದರ್ಶಕ ಹಿನ್ನೆಲೆ ಇರುವುದಿಲ್ಲ. ಹಿಂದಿನದು ಕಾಣಬೇಕಾದ ಚಿತ್ರಕ್ಕೆ ವೆಬ್‌ಪಿ ಅಥವಾ ಎಪಿಎನ್‌ಜಿಯೇ ಬೇಕು.

ಮಳೆಗಾಲದಲ್ಲಿ ಇನ್ನೊಂದು ಮಾತು. ಎಂಪಿ4 ಬರೆಯುತ್ತಿರುವಾಗ ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೆ ಅರ್ಧ ಫೈಲ್ ತೆರೆಯುವುದೇ ಇಲ್ಲ. ಮಾಹಿತಿಯ ಭಾಗ ಕೊನೆಗೆ ಬರೆಯುವುದರಿಂದ ಹೀಗೆ. ಅದನ್ನು ಅಳಿಸಿ ಮೊದಲಿಂದ ಮಾಡಿ. ಉದ್ದದ ಕೆಲಸ ಇದ್ದರೆ ಲ್ಯಾಪ್‌ಟಾಪ್ ಚಾರ್ಜ್ ನೋಡಿಕೊಂಡು ಕೂರಿ.

6. ವಿಡಿಯೋದಿಂದ ಒಳ್ಳೆಯ ಜಿಫ್

ಕೆಲವು ಕಡೆ ಜಿಫ್ಫೇ ಬೇಕು ಎನ್ನುತ್ತಾರೆ. ಮೂಲ ವಿಡಿಯೋ ಇದ್ದರೆ ಅದರಿಂದಲೇ ಮಾಡಿ, ಎಲ್ಲಿಂದಲೋ ಬಂದ ಜಿಫ್‌ನಿಂದ ಬೇಡ. ಒಮ್ಮೆ 256 ಬಣ್ಣಕ್ಕೆ ಇಳಿದ ಚಿತ್ರ ಯಾವ ರೂಪಕ್ಕೆ ಹೋದರೂ ಹಳೆಯ ಬಣ್ಣ ತಿರುಗಿ ಬರುವುದಿಲ್ಲ. ಅದರಲ್ಲಿನ ಚುಕ್ಕಿಚುಕ್ಕಿ ಹಾಗೇ ಉಳಿಯುತ್ತದೆ. ಈ ಮಾತು ವೆಬ್‌ಪಿಗೂ ಎಂಪಿ4ಗೂ ಸೇರಿಯೇ ಹೇಳಿದ್ದು.

ಮೊದಲು ಬೇಕಾದ ತುಂಡು ಕತ್ತರಿಸಿಕೊಳ್ಳಿ. 4ನೇ ಸೆಕೆಂಡಿನಿಂದ 6 ಸೆಕೆಂಡ್ ಬೇಕು ಎಂದುಕೊಳ್ಳೋಣ. ಇಲ್ಲಿ ‘1.ಎಂಪಿ4’ ಎಂದರೆ ಮೂಲ ವಿಡಿಯೋ, 5ನೇ ಹಂತದಲ್ಲಿ ಜಿಫ್‌ನಿಂದ ಆದದ್ದಲ್ಲ:

ಎಫ್‌ಎಫ್‌ಎಂಪಿಇಜಿ -ಎಸ್‌ಎಸ್ 4 -ಟಿ 6 -ಐ 1.ಎಂಪಿ4 -ಎಎನ್ -ವಿಎಫ್ "ಎಫ್‌ಪಿಎಸ್=10,ಎಸ್‌ಸಿಎಎಲ್‌ಇ=480:-2" 2.ಎಂಪಿ4

‘ಎಎನ್’ ಎಂದರೆ ಸದ್ದು ಬೇಡ. ‘ಎಫ್‌ಪಿಎಸ್’ ಎಂದರೆ ಸೆಕೆಂಡಿಗೆ ಎಷ್ಟು ಫ್ರೇಮ್. ಆಮೇಲೆ ಈ ತುಂಡಿಗೆ ಒಪ್ಪುವ 256 ಬಣ್ಣಗಳ ತಟ್ಟೆ ತಯಾರಿಸಿ:

ಎಫ್‌ಎಫ್‌ಎಂಪಿಇಜಿ -ಐ 2.ಎಂಪಿ4 -ವಿಎಫ್ ಪಿಎಎಲ್‌ಇಟಿಟಿಇಜಿಇಎನ್ 2.ಪಿಎನ್‌ಜಿ

ಹೆಸರಿನ ಬಗ್ಗೆ ಏನೋ ಎಚ್ಚರಿಕೆಯ ಸಾಲು ಬಂದರೆ ಗಾಬರಿ ಬೇಡ. ಫೈಲ್ ಆಗಿದ್ದರೆ ಸಾಕು. ತೆರೆದು ನೋಡಿ, ಪುಟ್ಟ ಬಣ್ಣದ ಚೌಕಗಳು ಕಾಣುತ್ತವೆ. ಜೋಗದ್ದಾದರೆ ಹಸಿರು, ಬೂದು, ಬಿಳಿ ತುಂಬಿರುತ್ತವೆ. ಕೊನೆಗೆ ಎರಡನ್ನೂ ಸೇರಿಸಿ:

ಎಫ್‌ಎಫ್‌ಎಂಪಿಇಜಿ -ಐ 2.ಎಂಪಿ4 -ಐ 2.ಪಿಎನ್‌ಜಿ -ಎಲ್‌ಎವಿಎಫ್‌ಐ ಪಿಎಎಲ್‌ಇಟಿಟಿಇಯುಎಸ್‌ಇ 2.ಜಿಐಎಫ್

ತಟ್ಟೆಯಿಲ್ಲದೆ ನೇರ ಮಾಡಿದರೆ ಎಲ್ಲ ಚಿತ್ರಕ್ಕೂ ಒಂದೇ ಬಗೆಯ ಬಣ್ಣ ಹಾಕಿಬಿಡುತ್ತದೆ. ಮಂಜಿನಲ್ಲಿ ಪಟ್ಟೆ ಬೀಳುತ್ತದೆ, ಕಾಡಿನ ಹಸಿರು ಮಂಕಾಗುತ್ತದೆ. ಎರಡು ಆದೇಶ ಹೆಚ್ಚಾದರೂ ಇದನ್ನು ಬಿಡಬೇಡಿ.

ಸೆಕೆಂಡಿಗೆ 10 ಯಾಕೆ, 30 ಯಾಕಲ್ಲ? ಜಿಫ್ ಕಾಲ ಅಳೆಯುವುದು ಸೆಕೆಂಡಿನ ನೂರರ ಒಂದು ಭಾಗದಲ್ಲಿ. 10 ಫ್ರೇಮ್ ಎಂದರೆ ತಲಾ 10 ಭಾಗ, 20 ಎಂದರೆ 5, 25 ಎಂದರೆ 4. 30ಕ್ಕೆ ಸರಿಯಾದ ಪಾಲು ಬರುವುದಿಲ್ಲ, ಆಟ ಕುಂಟುತ್ತದೆ. ಜಾಸ್ತಿ ವೇಗ ಬೇಕೆಂದು ಪಾಲನ್ನು 1ಕ್ಕೋ 0ಗೋ ಇಳಿಸಿದರೆ ಬ್ರೌಸರ್‌ಗಳು ಅದನ್ನು 10 ಎಂದೇ ತಿಳಿದು ನಿಧಾನವಾಗಿ ಆಡಿಸುತ್ತವೆ. ‘ವೇಗ ಹೆಚ್ಚಿಸಿದೆ, ಚಿತ್ರ ನಿಧಾನ ಆಯಿತು’ ಎಂಬ ಗೊಂದಲಕ್ಕೆ ಕಾರಣ ಇದು.

ಫೈಲ್ ಇಳಿಯುವ ಅರ್ಧ ಕೆಲಸ ಚಿತ್ರೀಕರಣದಲ್ಲೇ ಇದೆ. ಫೋನನ್ನು ಕೈಯಲ್ಲಿ ಹಿಡಿದರೆ ಬಂಡೆ, ಮರ, ಆಕಾಶ ಎಲ್ಲವೂ ಪ್ರತಿ ಫ್ರೇಮಿನಲ್ಲಿ ಸ್ವಲ್ಪ ಸರಿಯುತ್ತವೆ. ಆಗ ಬದಲಾಗದ ಭಾಗವೇ ಇರುವುದಿಲ್ಲ. ಗಟ್ಟಿ ಸ್ಟ್ಯಾಂಡಿನ ಮೇಲೆ ಇಟ್ಟು ತೆಗೆದರೆ ನೀರು ಮಾತ್ರ ಅಲ್ಲಾಡುತ್ತದೆ, ಉಳಿದದ್ದು ಹಗುರ.

7. ವೆಬ್‌ಪಿಯಿಂದ ಜಿಫ್‌ಗೆ

ಇಲ್ಲಿ ಎಫ್‌ಎಫ್‌ಎಂಪೆಗ್ ಕೈಕೊಡುತ್ತದೆ. ಅದರ ಹಲವು ಆವೃತ್ತಿಗಳು ಚಲಿಸುವ ವೆಬ್‌ಪಿ ಮಾಡಬಲ್ಲವು, ಆದರೆ ಓದಲಾರವು. ‘ಈ ಭಾಗ ಬಿಟ್ಟಿದ್ದೇನೆ’ ಎಂಬರ್ಥದ ಸಾಲು ತೋರಿಸಿ ನಿಲ್ಲುತ್ತವೆ. ಫೈಲ್ ಕೆಟ್ಟಿದೆ ಎಂದು ಅಳಿಸಬೇಡಿ. ಇಮೇಜ್‌ಮ್ಯಾಜಿಕ್ ಬಳಸಿ:

ಎಂಎಜಿಐಸಿಕೆ 1.ಡಬ್ಲ್ಯುಇಬಿಪಿ -ಸಿಒಎಎಲ್‌ಇಎಸ್‌ಸಿಇ 1.ಜಿಐಎಫ್

ನಡುವಿನ ಪದ ಪ್ರತಿ ಫ್ರೇಮನ್ನೂ ಪೂರ್ತಿ ಚಿತ್ರ ಮಾಡಿಕೊಳ್ಳಲು. ಅದನ್ನು ಬಿಟ್ಟರೆ ತುಂಡು ತುಂಡು ಚಿತ್ರ ಬರಬಹುದು. ಇಮೇಜ್‌ಮ್ಯಾಜಿಕ್‌ನ 6ನೇ ಆವೃತ್ತಿಯಲ್ಲಿ ಮೊದಲ ಪದ ‘ಸಿಒಎನ್‌ವಿಇಆರ್‌ಟಿ’. ವಿಂಡೋಸ್‌ನಲ್ಲಿ ಆ ಪದ ಟೈಪ್ ಮಾಡಲು ಹೋಗಬೇಡಿ. ಅದೇ ಹೆಸರಿನ ವಿಂಡೋಸ್‌ನ ಸ್ವಂತ ಆದೇಶವೊಂದಿದೆ, ಅದು ಡಿಸ್ಕಿನ ರೂಪ ಬದಲಾಯಿಸುವುದಕ್ಕೆ ಇರುವುದು. ಇಮೇಜ್‌ಮ್ಯಾಜಿಕ್ ಕೂಡ ಹಳೆಯ ಫೈಲಿನ ಮೇಲೆ ಕೇಳದೇ ಬರೆಯುತ್ತದೆ. ಎಫ್‌ಎಫ್‌ಎಂಪೆಗ್ ಮಾತ್ರ ‘ಬರೆಯಲೇ?’ ಎಂದು ಕೇಳುತ್ತದೆ. ಬೇಕಿದ್ದರೆ ‘ವೈ’ ಒತ್ತಿ, ಬೇಡವಾದರೆ ‘ಎನ್’.

ಜಿಫ್‌ನಲ್ಲಿ ಒಂದು ಚುಕ್ಕಿ ಪೂರ್ತಿ ಕಾಣಬೇಕು, ಇಲ್ಲವೇ ಪೂರ್ತಿ ಮಾಯವಾಗಬೇಕು. ಅರೆಪಾರದರ್ಶಕ ಇಲ್ಲ. ಹಾಗಾಗಿ ನಯವಾದ ಅಂಚಿನ ಸ್ಟಿಕರ್ ಜಿಫ್ ಆದಾಗ ಅಂಚು ಗರಗಸದ ಹಲ್ಲಿನಂತೆ ಆಗುತ್ತದೆ. ತಪ್ಪು ನಿಮ್ಮದಲ್ಲ, ಆ ರೂಪದ ಮಿತಿ ಅದು.

ಸ್ಟಿಕರ್ ಮಾಡುವವರು ಕೇಳುವ ಅಳತೆ: ವಾಟ್ಸಾಪ್‌ನ ಚಲಿಸುವ ಸ್ಟಿಕರ್ 512 ಅಗಲ, 512 ಎತ್ತರದ ವೆಬ್‌ಪಿ ಆಗಿರಬೇಕು, 500 ಕೆಬಿ ಮೀರಬಾರದು, 10 ಸೆಕೆಂಡ್ ಮೀರಬಾರದು. ಮೀರಿದರೆ ಮೊದಲು ಫ್ರೇಮ್ ಕಡಿಮೆ ಮಾಡಿ, ಗುಣಮಟ್ಟ ಆಮೇಲೆ ಇಳಿಸಿ.

8. ಎಪಿಎನ್‌ಜಿ

ಪಿಎನ್‌ಜಿ ಚಿತ್ರಕ್ಕೇ ಚಲನೆ ಸೇರಿಸಿದ ರೂಪ ಇದು. ಪೂರ್ತಿ ಬಣ್ಣ, ಅರೆಪಾರದರ್ಶಕ ಎರಡೂ ಇವೆ. ಫೈರ್‌ಫಾಕ್ಸ್ 2008ರಲ್ಲೇ ತೋರಿಸಿತು, ಕ್ರೋಮ್‌ಗೆ ಬಂದದ್ದು 2017ರಲ್ಲಿ.

ಎಫ್‌ಎಫ್‌ಎಂಪಿಇಜಿ -ಐ 1.ಜಿಐಎಫ್ -ಪಿಎಲ್‌ಎವೈಎಸ್ 0 1.ಎಪಿಎನ್‌ಜಿ

ಇಲ್ಲಿ ಸುತ್ತುವುದಕ್ಕೆ ಪದ ಬೇರೆ, ಗಮನಿಸಿ. ವೆಬ್‌ಪಿಗೆ ಹಾಕಿದ ಪದ ಇಲ್ಲಿ ನಡೆಯುವುದಿಲ್ಲ. ಎಪಿಎನ್‌ಜಿ ಗೊತ್ತಿಲ್ಲದ ಸಾಫ್ಟ್‌ವೇರ್ ಮೊದಲ ಫ್ರೇಮನ್ನು ಮಾತ್ರ ನಿಶ್ಚಲವಾಗಿ ತೋರಿಸುತ್ತದೆ. ಹಾಗಾಗಿ ಮೊದಲ ಫ್ರೇಮ್ ಖಾಲಿ ನೆಲ ಆಗಿರದೆ, ಪೂರ್ತಿ ಚಿತ್ತಾರ ಇರುವ ಹಾಗೆ ನೋಡಿಕೊಳ್ಳಿ. ಫೋಟೋ, ನೀರಿನ ವಿಡಿಯೋ ಇದಕ್ಕೆ ಹಾಕಬೇಡಿ, ಜಿಫ್‌ಗಿಂತಲೂ ದೊಡ್ಡ ಫೈಲ್ ಆಗಬಹುದು.

9. ಕಳಿಸುವ ಮೊದಲು

ಆದ ಫೈಲನ್ನು ಬ್ರೌಸರ್ ಕಿಟಕಿಗೆ ಎಳೆದು ಹಾಕಿ ನೋಡಿ. ಕಂಪ್ಯೂಟರಿನ ಚಿತ್ರ ತೋರಿಸುವ ಸಾಫ್ಟ್‌ವೇರ್ ಮೊದಲ ಫ್ರೇಮ್ ತೋರಿಸಿ ಸುಮ್ಮನಾಗಬಹುದು, ಅದನ್ನು ನಂಬಬೇಡಿ. ಎರಡು ಸುತ್ತು ಪೂರ್ತಿ ನೋಡಿ. ಸುತ್ತು ನಿಲ್ಲುತ್ತದೆಯೇ, ವೇಗ ಮೂಲದಷ್ಟೇ ಇದೆಯೇ, ಅಂಚು ಸರಿ ಇದೆಯೇ ಗಮನಿಸಿ. ಒಂದು ಕಡಿಮೆ ಬೆಲೆಯ ಫೋನಿನಲ್ಲೂ ತೆರೆದು ನೋಡಿ. ಮೂಲ ವಿಡಿಯೋ ಅಳಿಸಬೇಡಿ. ಮುಂದಿನ ವರ್ಷ ಬೇರೆ ಅಳತೆ ಬೇಕೆಂದರೆ 6ನೇ ಹಂತಕ್ಕೆ ಅದೇ ಬೇಕಾಗುತ್ತದೆ.